ಮಗ್ಗದ ಸದ್ದಿನಲ್ಲಿ ನೋಡಿದ ಧಾರಾವಾಹಿ

ಆ ಧಾರಾವಾಹಿಯನ್ನು ಪರಿಚಯಿಸುವ ಒಂದು ಸಣ್ಣ ವಿಮರ್ಶೆಯ ಪುಸ್ತಕ ಬರೆದೆ. ಬರೆಯಬಾರದಿತ್ತು. ಮೈಸೂರು ಕಡೆಯ ಪೋಸ್ಟ್ ಮಾಸ್ತರನೊಬ್ಬನ ಮನೆಯ ಕಥೆ ಆ ಧಾರಾವಾಹಿ. ಪ್ರಸಾರವಾದಾಗ ನೋಡಿದವರು ಕಡಿಮೆ, ನೋಡಿದವರು ಮಾತ್ರ ಇಂದಿಗೂ ಬಿಟ್ಟಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಎಂದು ಅಲ್ಲಲ್ಲಿ ಸೇರಿ ಒಂದೊಂದು ದೃಶ್ಯಕ್ಕೂ ಗಂಟೆಗಟ್ಟಲೆ ವಾದ ಮಾಡುವ ಹುಚ್ಚರ ಗುಂಪೇ ಇದೆ. ನಾನೂ ಅದರಲ್ಲೊಬ್ಬ. ಕಾಲೇಜಿನಲ್ಲಿ ಪಾಠ ಹೇಳುವವನೆಂದು ಪುಸ್ತಕ ನನ್ನ ಕೊರಳಿಗೆ ಬಿತ್ತು, ನಾನೂ ಖುಷಿಯಿಂದಲೇ ಕೊರಳೊಡ್ಡಿದೆ.

ಅದನ್ನು ನಾನು ನೋಡಿದ್ದು ಬನಹಟ್ಟಿಯ ನಮ್ಮ ಮನೆಯಲ್ಲಿ. ಗೋಡೆಯ ಆಚೆ ನಾಲ್ಕು ಪವರ್‌ಲೂಮ್, ಈಚೆ ಟಿ.ವಿ. ಟಿ.ವಿ.ಗಾಗಿ ಮಗ್ಗ ನಿಲ್ಲಿಸುವ ಪದ್ಧತಿ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಆ ಗದ್ದಲದಲ್ಲಿ ಬೆಳೆದವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಅದರಲ್ಲಿ ಪಳಗಿದವಳು ಅಕ್ಕ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಲೇ, ಟಿ.ವಿ.ಯಲ್ಲಿ ಯಾರು ಏನೆಂದರು ಎಂದು ನಮಗೆಲ್ಲ ಕೂಗಿ ಹೇಳುತ್ತಿದ್ದಳು. ಏಳನೆಯ ತರಗತಿ ಮುಗಿಯುತ್ತಲೇ ಅಪ್ಪ ಅವಳನ್ನು ಶಾಲೆ ಬಿಡಿಸಿ ರಾಟೆಯ ಮುಂದೆ ಕೂರಿಸಿದ್ದ. ಅವಳ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ನನಗೆ ಕೊಟ್ಟಿದ್ದರು.

ಧಾರಾವಾಹಿಯ ಒಂದು ದೃಶ್ಯದಲ್ಲಿ ಮಗಳು ಲೋಟ ಹಿಡಿದು ತಂದೆಯ ಮುಂದೆ ನಿಲ್ಲುತ್ತಾಳೆ. ಒಂದೇ ಮಾತು ಹೇಳುತ್ತಾಳೆ. ಆ ಮಾತು ನನಗೆ ಬಾಯಿಪಾಠ:

“ಅಪ್ಪಾ, ನನ್ನ ಪುಸ್ತಕಾ ತಮ್ಮಗ ಕೊಟ್ಟಿ. ನನಗೇನ ಕೊಟ್ಟಿ?”

ನನ್ನ ಪುಸ್ತಕದ ಮೂರನೆಯ ಅಧ್ಯಾಯ ಪೂರ್ತಿ ಈ ಮಾತಿನ ಮೇಲಿದೆ. ಧಾರಾವಾಹಿಯ ಟೇಪು ಎಲ್ಲೂ ಸಿಗದ್ದರಿಂದ ನೆನಪನ್ನೇ ನಂಬಿದ್ದೆ. ಸಂಭಾಷಣೆ ಬರೆದವರನ್ನು ಬಾಯ್ತುಂಬ ಹೊಗಳಿದೆ. ಮೈಸೂರಿನ ಮನೆಯ ಹುಡುಗಿಯ ಬಾಯಲ್ಲಿ ನಮ್ಮ ಸೀಮೆಯ ಭಾಷೆ ಇಟ್ಟದ್ದು ದಿಟ್ಟ ಪ್ರಯೋಗ ಎಂದೂ ಬರೆದೆ. ಇಂಥ ಜಾಣ ವಿಮರ್ಶಕ ನಾನು! ಮುಧೋಳದ ಬಿಡುಗಡೆ ಸಮಾರಂಭದಲ್ಲಿ ಅದನ್ನೇ ಓದಿದಾಗ ಕೆಲವರು ಕಣ್ಣೊರೆಸಿಕೊಂಡರು. ಬೀಳಗಿಯಿಂದ ಬಂದಿದ್ದ ಒಬ್ಬರು ಮಾತ್ರ ಆ ಮಾತು ತಮಗೆ ನೆನಪಿಲ್ಲವೆಂದರು. ನೀವು ಗಮನವಿಟ್ಟು ನೋಡಿಲ್ಲ ಎಂದು ಎಲ್ಲರೆದುರೇ ಅವರ ಬಾಯಿ ಮುಚ್ಚಿಸಿದೆ.

ಅವರು ಸುಮ್ಮನಾಗಲಿಲ್ಲ. ಯಾರದೋ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ ಹುಡುಕಿ, ಆ ದೃಶ್ಯವನ್ನು ನನ್ನ ಮೊಬೈಲಿಗೆ ಕಳಿಸಿದರು. ಜೊತೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಜಮಖಂಡಿಯ ನನ್ನ ಬಾಡಿಗೆ ಮನೆಯಲ್ಲಿ ಮಗ್ಗದ ಸದ್ದಿಲ್ಲ. ಮಗಳು ಲೋಟ ಹಿಡಿದು ನಿಂತಳು, ಆಮೇಲೆ ಹೇಳಿದಳು: “ಕಾಫಿ ಆರಿಹೋಗುತ್ತೆ, ಕುಡೀರಿ ಅಪ್ಪಾ.”

ನಾಚಿಕೆಯಾಯಿತು. ಬೀಳಗಿಯವರ ಮೇಲೆ ಸಿಟ್ಟು ಬಂತು, ಅಂದು ಆ ಮಾತನ್ನು ಕೂಗಿ ಹೇಳಿದ್ದ ಅಕ್ಕನ ಮೇಲೂ ಬಂತು. ಮರುದಿನವೇ ಅವಳನ್ನು ಕೊಟ್ಟ ರಬಕವಿಯ ಮನೆಗೆ ಹೋದೆ. ಅಲ್ಲಿಯೂ ಅವಳು ರಾಟೆಯ ಮುಂದೆಯೇ ಇದ್ದಳು. ನನ್ನನ್ನು ಕಂಡು ಪಕ್ಕದ ಮಗ್ಗ ನಿಲ್ಲಿಸಿದಳು. ದೃಶ್ಯ ತೋರಿಸಿ, ಅಂದು ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

“ಆಕಿ ಕಾಫಿ ಅಂದದ್ದು ನನಗ ತಿಳದಿತ್ತು. ಅಪ್ಪ ಅಲ್ಲೇ ಕುಂತಿದ್ದ, ಅದಕ್ಕ ಹಂಗ ಹೇಳಿದ್ನಿ,” ಎಂದಳು. “ಅಂವಗ ತಿಳೀತು, ಎದ್ದು ಹೋದ. ನೀ ಉಣಕೋಂತ ಕುಂತಿ.”

ಇಷ್ಟು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗಿದವನು ನಾನು. ಅದರಲ್ಲಿದ್ದ ತಮ್ಮ ಯಾರೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮುನ್ನುಡಿಯಲ್ಲಿ ಗ್ರಂಥಪಾಲಕರಿಂದ ಹಿಡಿದು ಅಚ್ಚಿನ ಮನೆಯವರವರೆಗೆ ಎಲ್ಲರನ್ನೂ ನೆನೆದಿದ್ದೆ, ಅಕ್ಕನನ್ನು ಬಿಟ್ಟು. ಮುಂದಿನ ಮುದ್ರಣದಲ್ಲಿ ಎಲ್ಲ ತಿದ್ದುತ್ತೇನೆ, ಅದು ನಿನ್ನ ಮಾತೆಂದು ಬರೆಯುತ್ತೇನೆ ಎಂದು ತೊದಲಿದೆ.

ನಾನೇ ಸಹಿ ಹಾಕಿ ಕೊಟ್ಟಿದ್ದ ಪ್ರತಿ ಗೋಡೆಯ ಗೂಡಿನಲ್ಲಿತ್ತು. ಅಕ್ಕ ಅದನ್ನು ತೆಗೆದು, ಹಿಂದಿನ ರಟ್ಟಿನ ಮೇಲಿದ್ದ ನನ್ನ ಫೋಟೋ ನೋಡಿ, ಅರಳೆಯ ಧೂಳು ಒರೆಸಿ ನನ್ನ ಕೈಗಿಟ್ಟಳು.

“ಪುಸ್ತಕಾ ಮತ್ತ ನಿನಗ ಹೋತಲ್ಲೋ, ತಮ್ಮಾ.”

ಮಗ್ಗದ ಸ್ವಿಚ್ ಹಾಕಿದಳು. ಆ ಸದ್ದಿನಲ್ಲಿ ನಾನೇನಾದರೂ ಹೇಳುತ್ತೇನೇನೋ ಎಂದು ನನ್ನ ತುಟಿಯನ್ನೇ ನೋಡುತ್ತ ನಿಂತಳು.