ಗುಳಿಗೆ ಬಿಟ್ಟ ತಿಂಗಳು

ಪಾರವ್ವನ ಥೈರಾಯ್ಡ್ ಗ್ರಂಥಿಯನ್ನು ಕ್ಯಾನ್ಸರಿಗಾಗಿ ತೆಗೆದು ಎರಡು ವರ್ಷವಾಗಿತ್ತು. ಅದರ ಕೆಲಸವನ್ನು ಅಂದಿನಿಂದ ದಿನಕ್ಕೊಂದು ಗುಳಿಗೆ ಮಾಡುತ್ತಿತ್ತು. ಈಗ ರಕ್ತಪರೀಕ್ಷೆಗಾಗಿ ಡಾಕ್ಟರು ಅದನ್ನೂ ಒಂದು ತಿಂಗಳು ನಿಲ್ಲಿಸಿದ್ದರು. ಥೈರಾಯ್ಡಿನ ಕೋಶಗಳಷ್ಟೇ ತಯಾರಿಸುವ ಪ್ರೋಟೀನ್ ಒಂದಿದೆ. ಗ್ರಂಥಿ ಅದನ್ನು ತನ್ನೊಳಗೇ ಕೂಡಿಟ್ಟುಕೊಂಡರೂ ತುಸು ರಕ್ತಕ್ಕೆ ಸೋರುತ್ತದೆ. ಗ್ರಂಥಿಯೇ ಇಲ್ಲದವಳ ರಕ್ತದಲ್ಲಿ ಅದು ಸಿಕ್ಕರೆ, ಎಲ್ಲೋ ಕೆಲವು ಕೋಶಗಳು ಉಳಿದಿವೆ ಎಂದರ್ಥ. ಗುಳಿಗೆ ನುಂಗುತ್ತಿದ್ದರೆ ಅವು ಮಲಗಿರುತ್ತವೆ. ಬಿಟ್ಟರೆ ಎದ್ದು, ರಕ್ತದಲ್ಲಿ ಗುರುತು ಬಿಡುತ್ತವೆ.

ಮರಾಠಿ ಸೀಮೆಯ ಹಡಪಸರದಲ್ಲಿ ರೊಟ್ಟಿ ಬಡಿದು ಪಕ್ಕದ ಮಗರಪಟ್ಟಾದ ಮನೆಗಳಿಗೆ ಕೊಡುತ್ತಿದ್ದ ಹೆಂಗಸು ಮೂಲೆ ಹಿಡಿದಳು. ಮೇ ತಿಂಗಳ ಸೆಕೆಯಲ್ಲೂ ಶಾಲು ಬೇಕಾಯಿತು. ಮುಖ ಬಾತು, ದನಿ ದಪ್ಪವಾಯಿತು. ಭಯವೂ ಇರಲಿಲ್ಲ, ಅಳುವೂ ಬರಲಿಲ್ಲ. ಮೈ ಜೋಮು ಹಿಡಿದು ಯಾರದೋ ಅನಿಸುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತನಾಗಿದ್ದ ಗಂಡ ಗೂಳಪ್ಪನೇ ಚಹಾ ಮಾಡಿ ಕೊಡುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ಚಹಾದ ಲೋಟ ಬೆರಳು ಸುಟ್ಟಿತು. ಪಾರವ್ವ ಬೆರಳನ್ನೇ ನೋಡಿದಳು. ಶಾಲು ಆಗಲೇ ಹೆಗಲಿಂದ ಜಾರಿಬಿದ್ದಿತ್ತು, ಚಳಿ ಅನಿಸಿರಲಿಲ್ಲ. ಗುಳಿಗೆಯಿಲ್ಲದೆ ಹೆಚ್ಚಬೇಕಾದ ಜೋಮು ಇಳಿಯತೊಡಗಿತ್ತು.

ಮರುದಿನ ಗೂಳಪ್ಪ ಅವಳನ್ನು ಲ್ಯಾಬಿಗೆ ಕರೆದೊಯ್ಯಲು ಚಪ್ಪಲಿ ಮೆಟ್ಟುತ್ತಿದ್ದ.

"ಚಹಾದಾಗ ಏನ್ ಹಾಕಾಕತ್ತೀರಿ?" ಅಂದಳು.

"ಶುಂಠಿ."

"ಮತ್ತ?"

ಅವನು ಚಪ್ಪಲಿಯ ಪಟ್ಟಿ ಎಳೆಯುತ್ತಲೇ ಇದ್ದ. "ಕರದ್ರ ಓ ಅಂತಿದ್ದಿಲ್ಲ ನೀ. ಮಣ್ಣಿನ ಗೊಂಬಿ ಹಂಗ ಕುಂದರ್ತಿದ್ದಿ. ಹತ್ತು ದಿನ ಆತು, ಗುಳಿಗಿ ಅರದು ಹಾಕಾಕತ್ತೀನಿ."

"ಇವತ್ತ ರಕ್ತ ಕೊಟ್ರ ಏನೂ ಇಲ್ಲಂತ ಬರ್ತದ."

"ಛಲೋನ ಆತಲ್ಲ."

"ಇದ್ರೂ ಇಲ್ಲಂತ ಬರ್ತದ್ರಿ."

ಗೂಳಪ್ಪ ಚಪ್ಪಲಿ ಬಿಚ್ಚಿ ಹೊಸ್ತಿಲ ಮೇಲೆ ಕೂತ. ಪಾರವ್ವನಿಗೆ ಸಿಟ್ಟು ಬರಬೇಕಿತ್ತು. ಬೆರಳಿಗೆ ಬಿಸಿ ತಿಳಿದಷ್ಟು ಸಲೀಸಾಗಿ ಸಿಟ್ಟು ಇನ್ನೂ ಮರಳಿರಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿ ನಡೆದದ್ದನ್ನು ಮರಾಠಿಯಲ್ಲಿ ಇದ್ದಂತೆ ಹೇಳಿದಳು. ಮತ್ತೆ ಮೊದಲಿನಿಂದ, ಪೂರ್ತಿ ಒಂದು ತಿಂಗಳು ಎಂದರು ಅವರು.

ಫೋನಿಟ್ಟು ಗಂಡನ ಮುಂದೆ ಕೈ ಚಾಚಿದಳು. ಅವನು ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಕೊಟ್ಟ.

"ಮತ್ತ ಹಂಗ ಕುಂದರ್ತೀನಿ. ನೀವು ತಡ್ಕೋಬೇಕ್ರಿ."

"ಹೂಂ," ಅಂದ ಗೂಳಪ್ಪ. ಚಪ್ಪಲಿ ಮೂಲೆಗೆ ಸರಿಸುತ್ತ, "ಕರಿಯೋದರ ಕರೀಲ್ಯಾ?" ಅಂತ ಕೇಳಿದ.

"ಕರೀರಿ," ಅಂದಳು.