ಆಯತವಾರ ನಾಲ್ಕರಿಂದ ನಾಲ್ಕೂವರೆ

ಬೈಲಹೊಂಗಲದ ನರ್ಸಬಾಯಿ ಕೃಷ್ಣವ್ವನ ಕೈಯಲ್ಲಿ ಹುಟ್ಟಿದ ಕೂಸುಗಳಿಗೆ ಲೆಕ್ಕವಿರಲಿಲ್ಲ. ತನ್ನದೆಂದು ಅವಳು ಬೆಳೆಸಿದ್ದು ಮಾತ್ರ ಒಂದೇ ಕೂಸು, ತಂಗಿ ಸ್ನೇಹಲ್. ಅಪ್ಪ ಸತ್ಯಪ್ಪ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವ್ವ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಲಗ್ನದ ಮಾತು ಬಂದಾಗೆಲ್ಲ ಕೃಷ್ಣವ್ವ, "ನಾ ಹೋದ್ರ ಇಕಿನ್ನ ಯಾರ ನೋಡ್ಕೊಂತಾರ?" ಎಂದು ಎದ್ದು ಹೋಗುತ್ತಿದ್ದಳು. ಬರಬರುತ್ತ ಕೇಳುವವರೂ ಕೇಳುವುದನ್ನು ಬಿಟ್ಟರು. ಎರಡು ಸಾವಿರದ ನಾಲ್ಕರಲ್ಲಿ ಅದೇ ಸ್ನೇಹಲ್‌ಳನ್ನು ನಾಗಪುರಕ್ಕೆ ಕೊಟ್ಟು ಕಳಿಸಿದಳು.

ನಾಗಪುರದ ಮನೆಯಲ್ಲಿ ಫೋನು ಅತ್ತೆಯ ಮಂಚದ ಪಕ್ಕದಲ್ಲಿತ್ತು. "ಆರಾಮ ಅದೀನಿ ಅಕ್ಕಾ" ಎಂಬುದನ್ನು ಬಿಟ್ಟು ಅದರಲ್ಲಿ ಬೇರೆ ಮಾತು ಬರುತ್ತಿರಲಿಲ್ಲ. ಸ್ನೇಹಲ್ ಒಂದು ದಾರಿ ಹುಡುಕಿದಳು. ಆಯತವಾರ ಕಾಯಿಪಲ್ಲೆ ತರಲು ಹೋದಾಗ ನಾಲ್ಕರಿಂದ ನಾಲ್ಕೂವರೆಯವರೆಗೆ ಸೈಬರ್ ಅಂಗಡಿಯಲ್ಲಿ ಕೂತು ಅಕ್ಕನೊಂದಿಗೆ ಚಾಟ್ ಮಾಡುವುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಅಲ್ಲಿ ಯಾರಿಗೂ ತಿಳಿಯುವ ಹೆದರಿಕೆಯಿಲ್ಲ. ಅದಕ್ಕೆಂದೇ ಕೃಷ್ಣವ್ವ, ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿಯವರು ಮಾರಿದ ಹಳೆಯ ಕಂಪ್ಯೂಟರ್ ಒಂದನ್ನು ಮನೆಗೆ ತಂದಿದ್ದಳು.

ಆ ಕಂಪ್ಯೂಟರ್ ಏಳಲು ಹದಿನಾರು ನಿಮಿಷ, ಇಂಟರ್ನೆಟ್ ಹತ್ತಲು ಮತ್ತೆ ನಾಲ್ಕು ನಿಮಿಷ ಬೇಕಾಗುತ್ತಿತ್ತು. ಮೊದಲೇ ಹಚ್ಚಿಡೋಣವೆಂದರೆ ಮಧ್ಯಾಹ್ನ ಹೋದ ಕರೆಂಟು ಬರುವುದೇ ನಾಲ್ಕಕ್ಕೆ. ಅಕ್ಕತಂಗಿಯರಿಗೆ ಉಳಿಯುತ್ತಿದ್ದದ್ದು ಹತ್ತು ನಿಮಿಷ. ಊಟ ಆಯಿತೇ, ಮಳೆ ಬಂತೇ ಎನ್ನುವಷ್ಟರಲ್ಲಿ ಸ್ನೇಹಲ್ ಏಳಬೇಕಾಗುತ್ತಿತ್ತು. ಒಂದು ಆಯತವಾರ ಅದು ನಡುವೆಯೇ ನಿಂತುಬಿಟ್ಟಿತು. ಮತ್ತೆ ಹಚ್ಚಿ ತೆರೆಯುವಷ್ಟರಲ್ಲಿ ಐದು ಹೊಡೆಯಲು ಬಂದಿತ್ತು. ಪರದೆಯ ಮೇಲೆ ಒಂದೇ ಸಾಲಿತ್ತು: "ಬಂದಿದ್ದೆ. ನೀ ಇರಲಿಲ್ಲ."

ಮರುದಿನವೇ ಕೃಷ್ಣವ್ವ ಕಂಪ್ಯೂಟರ್ ಕ್ಲಾಸಿನ ಮಾಸ್ತರ ಪರಶುನನ್ನು ಮನೆಗೆ ಕರೆತಂದಳು. ಅವನು ಎರಡು ಕಪ್ ಚಹಾ ಮುಗಿಯುವವರೆಗೂ ಅದು ಏಳುವುದನ್ನು ನೋಡುತ್ತ ಕೂತ.

"ಮಷಿನ್ನಿಂದು ತಪ್ಪಿಲ್ಲರಿ ಬಾಯಾರ. ಎದ್ದ ಕೂಡ್ಲೇ ಹದಿನೆಂಟು ಮಂದಿ ಕೆಲಸ ಹೇಳಿದ್ರ ಯಾರರೆ ಹೆಂಗ ಏಳ್ತಾರ?"

ಕಂಪ್ಯೂಟರ್ ಶುರುವಾಗುವಾಗಲೇ ತಾವೂ ಶುರುವಾಗುವ ಪ್ರೋಗ್ರಾಮುಗಳ ಪಟ್ಟಿಯನ್ನು ಅವನು ತೆರೆದು ತೋರಿಸಿದ. ಪತ್ರಿಕೆಯ ಡಿಸೈನು, ಈಗಿಲ್ಲದ ಸ್ಕ್ಯಾನರು, ಈಗಿಲ್ಲದ ಪ್ರಿಂಟರು, ಮೇಲೆ ಎರಡೆರಡು ಆಂಟಿವೈರಸ್.

"ಎಲ್ಲಾ ತಗದ ಬಿಡೂಣು."

"ಎಲ್ಲಾ ಬ್ಯಾಡ್ರಿ, ಆಂಟಿವೈರಸ್ ಒಂದು ಇರಲಿ. ಬ್ಯಾಡಾದ್ದರ ಮುಂದಿನ ಟಿಕ್ ನೀವ ತಗೀರಿ. ತಿಳೀಲಿಲ್ಲಂದ್ರ ಮುಟ್ಟಬ್ಯಾಡ್ರಿ, ಕೇಳ್ರಿ."

ಹೆಸರು ಓದುತ್ತ, ಕೇಳುತ್ತ ಒಂದೊಂದೇ ಟಿಕ್ ತೆಗೆದಳು. ಆಮೇಲೆ ಡಿಸ್ಕ್ ತುಂಬ ಕೂತಿದ್ದ ನೂರಾರು ಲಗ್ನಪತ್ರಿಕೆಗಳು. ಸವದತ್ತಿಯ ವಧು, ರಾಮದುರ್ಗದ ವರ, ಕಿತ್ತೂರಿನ ವಧು. ಅಳಿಸುವ ಮುಂಚೆ ಕೆಲವನ್ನು ತೆರೆದು ನೋಡಿದಳು. "ಈ ಹುಡಿಗ್ಯಾರೆಲ್ಲ ಈಗ ಹೆಂಗ ಅದಾರೋ," ಎಂದಳು. ಶುಕ್ರವಾರ ಪರಶು ಧಾರವಾಡದಿಂದ ಮೆಮರಿ ತಂದು ಕೂಡಿಸಿದ. ಬಟನ್ ಒತ್ತಿದರೆ ಎರಡೇ ನಿಮಿಷದಲ್ಲಿ ಪರದೆ ತೆರೆದುಕೊಂಡಿತು.

ಆ ಆಯತವಾರ ನಾಲ್ಕು ದಾಟಿ ಐದು ನಿಮಿಷಕ್ಕೆಲ್ಲ ಅಕ್ಕ ಬಂದು ಕೂತದ್ದು ಕಂಡು ಸ್ನೇಹಲ್‌ಗೆ ಅಚ್ಚರಿ. ಊಟ, ಮಳೆ, ಓಣಿಯ ಶೆಟ್ಟೆವ್ವನ ಎಮ್ಮೆ, ಎಲ್ಲ ಆಯಿತು. ಇನ್ನೂ ಹೊತ್ತಿತ್ತು. ಆ ಕಡೆಯಿಂದ ಬರೆಯುತ್ತಿರುವ ಗುರುತು ಕಾಣಿಸಿತು, ಮಾಯವಾಯಿತು, ಮತ್ತೆ ಕಾಣಿಸಿತು.

"ಅಕ್ಕಾ, ಹ್ವಾದ ತಿಂಗಳ ನಾ ಬಸರಿದ್ದೆ. ನಿಲ್ಲಲಿಲ್ಲ."

ಕೃಷ್ಣವ್ವ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಕೇಳಿದಳು: ಎಷ್ಟು ತಿಂಗಳಾಗಿತ್ತು, ರಕ್ತ ನಿಂತಿದೆಯೇ, ಡಾಕ್ಟರು ಏನಂದರು. ಎಲ್ಲದಕ್ಕೂ ಉತ್ತರ ಬಂತು. ಕಡೆಗೆ, "ತವರಿಗೆ ಹೇಳಬ್ಯಾಡ ಅಂದಾರ. ಇಲ್ಲೆ ಹೇಳಬೇಕಂತ ಭಾಳ ಸಲ ಬಂದಿದ್ದೆ. ಬಾಯಿ ತಗಿಯೂದ್ರಾಗ ಹೊತ್ತ ಮುಗೀತಿತ್ತು."

ಊರ ಹೆಣ್ಣುಮಕ್ಕಳ ನಾಡಿ ಹಿಡಿದು ನೋಡಿದವಳಿಗೆ ತನ್ನ ತಂಗಿಯ ಸಂಕಟ ತಿಂಗಳಾದರೂ ತಿಳಿದಿರಲಿಲ್ಲ.

ವಾರದೊಳಗೆ ಅವಳು ರಜೆ ಹಾಕಿ, ಆ ಕಡೆ ಟ್ರೇನಿಂಗ್ ಇದೆಯೆಂದು ಬೀಗರಿಗೆ ನೆಪ ಹೇಳಿ ನಾಗಪುರಕ್ಕೆ ಹೋದಳು. ಎರಡು ದಿನ ಇದ್ದಳು. ಅತ್ತೆ ಅಕ್ಕತಂಗಿಯರ ಪಕ್ಕದಿಂದ ಏಳಲಿಲ್ಲ. ಕೃಷ್ಣವ್ವ ತಂಗಿಯ ತಲೆಗೆ ಎಣ್ಣೆ ಹಚ್ಚಿ, ಸಣ್ಣವಳಿದ್ದಾಗ ಹಾಕುತ್ತಿದ್ದ ಹಾಗೆ ಬಿಗಿಯಾಗಿ ಜಡೆ ಹೆಣೆದಳು. ಹೆಣೆಯುವಾಗ ಸ್ನೇಹಲ್ ಬೆನ್ನನ್ನು ಅವಳ ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದಳು.

ಊರಿಗೆ ಬಂದ ಮೇಲಿನ ಆಯತವಾರ ಸ್ನೇಹಲ್ ಬರೆದಳು: "ನೀ ಹ್ವಾದ ಮ್ಯಾಲೆ ಮನಿ ಭಾಳ ದೊಡ್ಡದಾಗೇತಿ ಅಕ್ಕಾ."

ಕೃಷ್ಣವ್ವ ಬರೆದಳು: "ಇಲ್ಲೂ ಹಂಗ ಆಗೇತಿ."