ಆಷಾಢದಲ್ಲಿ ಆಫ್ ಮಾಡಲಾಗದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಇಪ್ಪತ್ತಮೂರು ದಿನ ಮಿಕ್ಸಿ ಹಾಕಲಿಲ್ಲ. ಚಟ್ನಿಯನ್ನು ಒರಳಿನಲ್ಲೇ ರುಬ್ಬಿದೆ. ನನಗೆ ಆರೋಗ್ಯದ ಹುಚ್ಚು ಹಿಡಿಯಿತೆಂದು ತಿಳಿಯಬೇಡಿ. ಮಿಕ್ಸಿ ಹಾಕಿದರೆ ಫ್ಯೂಸ್ ಹೋಗಬಹುದು. ಫ್ಯೂಸ್ ಹೋದರೆ ಕಂಪ್ಯೂಟರ್ ಆಫ್ ಆಗಬಹುದು. ಕಂಪ್ಯೂಟರ್ ಆಫ್ ಆದರೆ ನನ್ನ ಮಾವನವರ ಐದು ಲಾರಿಗಳು ಮಾಯ!

ಮೊದಲಿನಿಂದ ಹೇಳುತ್ತೇನೆ. ಚಾಮರಾಜಪೇಟೆಯ ಹಳೆಯ ಮನೆಯಲ್ಲಿ ನಾವು ನಾಲ್ವರು: ನಾನು, ನನ್ನ ಗಂಡ ರಘು, ಅತ್ತೆ, ಮಾವ. ಮಾವ ಮೂವತ್ತೆಂಟು ವರ್ಷ ಕಾಟನ್‌ಪೇಟೆಯ ಲಾರಿ ಆಫೀಸಿನಲ್ಲಿ ಬಿಲ್ಟಿ ಬರೆದವರು. (ಬಿಲ್ಟಿ ಎಂದರೆ ಯಾವ ಮಾಲು, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಬರೆದುಕೊಡುವ ರಸೀದಿ.) ಅವರು ಕಳಿಸಿದ ಲಾರಿಗಳಿಗೆ ಲೆಕ್ಕವಿಲ್ಲ. ಆದರೆ ಒಂದರ ಡ್ರೈವರ್ ಸೀಟಿನಲ್ಲೂ ಕೂತವರಲ್ಲ. ಸೈಕಲ್ ಬಿಟ್ಟರೆ ಬೇರೇನನ್ನೂ ಓಡಿಸಿದವರೂ ಅಲ್ಲ.

ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಮನೆಯಲ್ಲಿ ಕೂತು ಕೂತು ಮಂಕಾದರು. ರಘು ಯಾವುದೋ ಕಾಲದಲ್ಲಿ ಗೇಮ್ ಆಡಲೆಂದು ಎಸ್.ಪಿ. ರೋಡಿನಿಂದ ತಂದ ಕಂಪ್ಯೂಟರ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದಕ್ಕೊಂದು ಸ್ಟೇರಿಂಗ್ ಸಿಕ್ಕಿಸಿ, ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟ. ಅಷ್ಟೇ. ಮಾವ ಆಮೇಲೆ ಊಟಕ್ಕೆ ಕರೆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಅವರು ಆಡುವುದನ್ನು ನೀವು ನೋಡಬೇಕು. ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಪ್ರತಿ ಲೋಡಿಗೂ ಪಕ್ಕದಲ್ಲಿಟ್ಟ ಪುಸ್ತಕದಲ್ಲಿ ಬಿಲ್ಟಿ ಬರೆಯುತ್ತಾರೆ: 'ಚೀಸ್, ಹನ್ನೆರಡು ಟನ್, ಪ್ಯಾರಿಸ್.' ಮೊದಮೊದಲು ಎಡಗಡೆಯೇ ಓಡಿಸಿ ಯುರೋಪಿನವರ ಮೇಲೆಲ್ಲ ಗುದ್ದಿದರು. "ಅವರ್ಯಾಕೆ ರಾಂಗ್ ಸೈಡಲ್ಲಿ ಬರ್ತಾರೆ?" ಎಂದು ಬೈದರು. ಮಂಕು ಮಾತ್ರ ಹರಿದುಹೋಗಿತ್ತು. ನನಗೆ ಅಷ್ಟೇ ಸಾಕಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಸೂಚನೆ ಬಂತು. ಈ ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಇಲ್ಲ. ಹೊಸ ವಿಂಡೋಸ್ ಈ ಮುದಿ ಕಂಪ್ಯೂಟರಿಗೆ ಒಗ್ಗುವುದಿಲ್ಲ.

ಶುರುವಾಯಿತು ನೋಡಿ! ಹೊಸ ಕಂಪ್ಯೂಟರ್ ತಂದು ಹೊಸ ವಿಂಡೋಸ್ ಹಾಕೋಣ ಎಂದೆ ನಾನು. ಇದಕ್ಕೇ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಎಂದ ರಘು. ನಿಮಗೆ ಲಿನಕ್ಸ್ ಭಕ್ತರು ಗೊತ್ತಲ್ಲ? ಅವರ ಜೊತೆ ವಾದ ಮಾಡುವ ಬದಲು ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ವಾರವಿಡೀ ಬೆಳಗಿನ ಕಾಫಿಗೆ ಜಗಳ, ಸಂಜೆಯ ಕಾಫಿಗೆ ಅದರ ಮುಂದುವರಿದ ಭಾಗ.

ಕೊನೆಗೆ ಅತ್ತೆ ಅಡುಗೆಮನೆಯಿಂದ ತೀರ್ಪು ಕೊಟ್ಟರು. "ಯಾವ್ದೂ ಬೇಡ. ನಾಳೆಯಿಂದ ಆಷಾಢ. ಹೊಸ ಸೊಸೇನೇ ತವರಿಗೆ ಕಳಿಸೋ ತಿಂಗಳಲ್ಲಿ ಇದ್ಯಾವುದನ್ನೋ ಮನೆ ತುಂಬಿಸ್ಕೋತೀರಾ?"

"ಅಮ್ಮಾ, ಒಳಗೆ ಹಾಕೋದೇ ಬೇಡ," ಎಂದ ರಘು. "ಲಿನಕ್ಸ್ ಪೆನ್ ಡ್ರೈವ್‌ನಿಂದಾನೇ ಓಡುತ್ತೆ. ನೆಂಟರ ಥರ ಇದ್ದು ಹೋಗುತ್ತೆ."

ಅತ್ತೆ ಯೋಚಿಸಿದರು. ಆಷಾಢದಲ್ಲಿ ನೆಂಟರು ಬರಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. "ನೆಂಟರಾದ್ರೆ ಬರ್ಲಿ. ಗಂಟುಮೂಟೆ ಬಿಚ್ಚೋ ಹಾಗಿಲ್ಲ."

ಹೀಗೆ ಲಿನಕ್ಸ್ ನಮ್ಮ ಮನೆಗೆ ನೆಂಟನಾಗಿ ಬಂತು. ಮಾವ ಅದೇ ಆಟವನ್ನು ಹೊಸದಾಗಿ ಶುರುಮಾಡಿ, ಬಾಡಿಗೆ ಲಾರಿಯಿಂದ ಆರಂಭಿಸಿ, ಅಂದೇ ಸಂಜೆಯೊಳಗೆ ಸ್ವಂತ ಲಾರಿ ಕೊಂಡರು. ಆಗ ರಘು ತಲೆ ಕೆರೆದುಕೊಳ್ಳುತ್ತಾ ಒಂದು ಸಂಗತಿ ಹೇಳಿದ. ಆಟವೇನೋ ಇನ್ನೊಂದು ಡಿಸ್ಕಿನಲ್ಲಿ ಭದ್ರವಾಗಿದೆ. ಆದರೆ ಮಾವ ಆಡಿ ಗಳಿಸಿದ್ದೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿದೆ. ಆಫ್ ಮಾಡಿದರೆ ಎಲ್ಲವೂ ಸ್ವಾಹಾ.

"ಶ್ರಾವಣದವರೆಗೂ ಆಫ್ ಮಾಡದೆ ಇಟ್ರಾಯ್ತು," ಎಂದ. ನಾವೂ ತಲೆಯಾಡಿಸಿದೆವು. (ನಾಲ್ಕು ಜನರ ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಬೇಡವೇ?)

ಅಲ್ಲಿಂದ ಕಾವಲು ಶುರು. ಮನೆಯ ಯುಪಿಎಸ್ ಹದಿನೈದು ನಿಮಿಷ ತಡೆಯುತ್ತದೆ. ರಘುವಿಗೆ ಫ್ಯೂಸ್ ಕಟ್ಟಲು ಮುಕ್ಕಾಲು ಗಂಟೆ ಬೇಕು. ಆದ್ದರಿಂದ ಮಿಕ್ಸಿ ಬಂದ್. ಇಸ್ತ್ರಿ ಪೆಟ್ಟಿಗೆ ಬಂದ್. ಯಾರಾದರೊಬ್ಬರು ಸದಾ ಮನೆಯಲ್ಲಿರಬೇಕು, ಗವಿಪುರದ ದೇವಸ್ಥಾನಕ್ಕೂ ಪಾಳಿಯ ಮೇಲೆ ಹೋದೆವು. ಕೆಲಸದ ಲಕ್ಷ್ಮಮ್ಮ ಮರೆತು ಸ್ವಿಚ್ ಮುಟ್ಟಿಬಿಟ್ಟಾಳೆಂದು ಅತ್ತೆ ಅದಕ್ಕೆ ಕುಂಕುಮ ಹಚ್ಚಿದರು. ಮರುದಿನದಿಂದ ಲಕ್ಷ್ಮಮ್ಮ ನೆಲ ಒರೆಸುವ ಮುಂಚೆ ಸ್ವಿಚ್ಚಿಗೆ ಕೈಮುಗಿಯತೊಡಗಿದಳು. ಬೇಡವೆನ್ನಲು ನನಗೂ ಧೈರ್ಯ ಬರಲಿಲ್ಲ.

ಖುಷಿಯಲ್ಲಿದ್ದವನು ರಘು ಒಬ್ಬನೇ. ಕಂಪ್ಯೂಟರ್ ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ ಎಂಬ ಅಂಕಿಗೆ ಅಪ್‌ಟೈಮ್ ಎನ್ನುತ್ತಾರಂತೆ. ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅದನ್ನು ಓದಿ ಹೇಳುತ್ತಿದ್ದ. "ಹತ್ತೊಂಬತ್ತು ದಿನ! ನಿನ್ ವಿಂಡೋಸ್ ಇರುತ್ತಾ ಹಿಂಗೆ?"

ಇಪ್ಪತ್ತಮೂರನೆಯ ಬೆಳಗ್ಗೆ ಮೊಬೈಲಿಗೆ ಮೆಸೇಜ್ ಬಂತು: ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲ.

ಆಗ ಒಂಬತ್ತು ಗಂಟೆ. ಮಾವ ಆಲೂಗಡ್ಡೆ ಲೋಡಿನೊಂದಿಗೆ ಯಾವುದೋ ಪರ್ವತದ ಘಾಟಿಯಲ್ಲಿದ್ದರು. ಸುದ್ದಿ ಕೇಳಿ ಲಾರಿಯನ್ನು ಜೋಪಾನವಾಗಿ ಪಕ್ಕಕ್ಕೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಸ್ಟೇರಿಂಗಿನಿಂದ ಕೈ ತೆಗೆದರು. ಆಪರೇಷನ್ ದಿನ ಸ್ಟ್ರೆಚರ್ ಮೇಲೂ ಅವರ ಮುಖ ಅಷ್ಟು ಸಣ್ಣದಾಗಿರಲಿಲ್ಲ.

"ಜನರೇಟರ್ ತರ್ಸಿ," ಎಂದರು ಅತ್ತೆ. "ಆಷಾಢದಲ್ಲಿ ಮದುವೆ ಇಲ್ಲ, ಶಾಮಿಯಾನದವರ ಹತ್ರ ಖಾಲಿ ಬಿದ್ದಿರುತ್ತೆ."

ತರ್ಕ ಹೇಗಿದೆ! ನಾನು ಫೋನ್ ಹಚ್ಚಿದೆ.

"ಏನ್ ಫಂಕ್ಷನ್ ಮೇಡಂ?" ಎಂದರು ಶಾಮಿಯಾನದವರು.

"ಫಂಕ್ಷನ್ ಏನಿಲ್ಲ. ನಮ್ ಮಾವನವರ ಲಾರಿ..."

"ಲಾರಿ ಪೂಜೆನಾ? ಹೂವಿನ ಡೆಕೊರೇಷನ್ನೂ ನಾವೇ ಮಾಡ್ತೀವಿ. ಎಷ್ಟು ಲಾರಿ?"

"ಐದು," ಎಂದು ಬಾಯಿಗೆ ಬಂತು. ಫೋನ್ ಇಟ್ಟುಬಿಟ್ಟೆ.

ಆಗ ಮಾವ ಮೆಲ್ಲಗೆ ಕೇಳಿದರು. "ರಘು, ನಮ್ಮ ಆಫೀಸಲ್ಲಿ ಒಂದೊಂದು ಬಿಲ್ಟಿಗೂ ಕಾರ್ಬನ್ ಇಟ್ಟು ಮೂರು ಕಾಪಿ ಬರೀತಿದ್ವಿ. ಒಂದು ಕಳೆದ್ರೂ ಇನ್ನೊಂದಿರಲಿ ಅಂತ. ಇದಕ್ಕೆ ಕಾಪಿ ಮಾಡೋಕಾಗಲ್ವೇನೋ?"

ರಘು ಫ್ಯಾನ್ ನೋಡಿದ. ಕ್ಯಾಲೆಂಡರ್ ನೋಡಿದ. ನನ್ನ ಮುಖ ಮಾತ್ರ ನೋಡಲಿಲ್ಲ.

"ಆಗುತ್ತೆ."

"ಮೊದ್ಲೇ ಗೊತ್ತಿತ್ತಾ?" ಎಂದೆ ನಾನು.

"ಗೊತ್ತಿತ್ತು... ಕಾಪಿ ಮಾಡಿದ್ರೆ ನೀವೆಲ್ಲಾ ಆಫ್ ಮಾಡು ಅಂತಿದ್ರಿ. ಅಪ್‌ಟೈಮ್ ಒಂದು ತಿಂಗಳಾಗ್ಲಿ ಅಂತ..."

ಒರಳುಕಲ್ಲಿನ ಗುಂಡು ಎತ್ತಲಾಗದಷ್ಟು ಭಾರವಿಲ್ಲದಿದ್ದರೆ ಅವತ್ತು ಈ ಅಂಕಣ ಬೇರೆಯೇ ಪುಟದಲ್ಲಿ ಅಚ್ಚಾಗುತ್ತಿತ್ತು!

ಇನ್ನೊಂದು ಪೆನ್ ಡ್ರೈವ್ ಬಂತು. ಐದು ಲಾರಿ, ಇಪ್ಪತ್ತಮೂರು ದಿನ, ಆಲೂಗಡ್ಡೆ, ಘಾಟಿ, ಎಲ್ಲವೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದರೊಳಗೆ ಹೋಯಿತು. "ಇಷ್ಟೇನಾ?" ಎಂದರು ಮಾವ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎರಡು ಸಲ ತಟ್ಟಿ ನೋಡಿದರು. ಹತ್ತಕ್ಕೆ ಸರಿಯಾಗಿ ಕರೆಂಟ್ ಹೋಯಿತು.

ಹೋದರೇನು, ಜಗಳಕ್ಕೆ ಕರೆಂಟ್ ಬೇಕೇ? ಹೇಗೂ ನೆಂಟ ಹೊರಟನಲ್ಲ, ಇನ್ನು ಹೊಸ ಕಂಪ್ಯೂಟರ್ ತರೋಣ ಎಂದೆ ನಾನು. ಶ್ರಾವಣದಲ್ಲಿ ಲಿನಕ್ಸನ್ನು ಒಳಗೇ ಹಾಕೋಣ ಎಂದ ರಘು. ಪುರೋಹಿತರನ್ನು ಒಂದು ಮಾತು ಕೇಳೋಣ ಎಂದರು ಅತ್ತೆ.

"ನನ್ನ ಕೇಳಿದ್ರೆ..." ಎಂದರು ಮಾವ. ಮೂವರೂ ತಿರುಗಿ ನೋಡಿದೆವು. "ಹಳೇ ವಿಂಡೋಸೇ ಇರ್ಲಿ. ಇಂಟರ್ನೆಟ್ ವೈರ್ ಕಿತ್ತು ಹಾಕಿ. ಕಳ್ಳರು ಬರೋದು ಆ ದಾರೀಲಿ ತಾನೆ? ನಾನು ಒಬ್ನೇ ಲಾರಿ ಓಡ್ಸೋಕೆ ಇಂಟರ್ನೆಟ್ ಯಾಕೆ?"

ಹಳೆಯ ವಿಂಡೋಸ್ ಅಲ್ಲೇ ಇತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಲಾರಿಗಳು ಅದರಲ್ಲೂ ಓಡುತ್ತವೆ. ಖರ್ಚಿಲ್ಲ, ಕಾವಲಿಲ್ಲ, ಮುಹೂರ್ತವೂ ಬೇಡ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಮಾವ?" ಎಂದೆ.

"ನೀವು ಯಾರಾದ್ರೂ ಕೇಳಿದ್ರೇನಮ್ಮಾ?"

ತುಳಸಿ ಕುಂಡವನ್ನು ಒಂದು ಗೇಣು ಸರಿಸಬೇಕಾದರೂ ಮಾವನ ಅಪ್ಪಣೆ ಕೇಳುವ ಮನೆ ನಮ್ಮದು. ಅವರು ದಿನವಿಡೀ ಕೂರುವ ಕಂಪ್ಯೂಟರಿನ ವಿಷಯ ಅವರನ್ನೇ ಕೇಳಲು ನಮಗೇನು ಧಾಡಿಯಾಗಿತ್ತು?